ಉಸಿರು ಬೇಗ ಪಳಗುತ್ತದೆ, ಕಾಲು ನಿಧಾನ: ಮೊದಲ ಹಾಫ್ ಮ್ಯಾರಥಾನ್ ಓಡುವವರಿಗೆ

ಓಡಲು ಶುರು ಮಾಡಿದ ಆರನೇ ವಾರದ ಹೊತ್ತಿಗೆ ಒಂದು ಹುಮ್ಮಸ್ಸು ಬರುತ್ತದೆ. ಮೊದಲ ವಾರ ಎರಡು ಕಿಲೋಮೀಟರಿಗೇ ಏದುಸಿರು ಬಿಡುತ್ತಿದ್ದವರು ಈಗ ಆರು ಕಿಲೋಮೀಟರ್ ಆರಾಮಾಗಿ ಮುಗಿಸುತ್ತಾರೆ. ಎದೆ ಹಗುರ, ಉಸಿರು ಸಲೀಸು. ಇನ್ನೂ ಸ್ವಲ್ಪ ಜಾಸ್ತಿ ಓಡಿದರೆ ಏನಾದೀತು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆ ವಾರ ಮೂರು ದಿನದ ಬದಲು ಐದು ದಿನ ಓಡಿದೆ, ಅದೂ ಜೋರಾಗಿ. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದಾಗ ಎಡಗಾಲಿನ ಮೊಣಕಾಲ ಕೆಳಗೆ, ಮುಂಭಾಗದ ಮೂಳೆಯ ಒಳ ಅಂಚಿನಲ್ಲಿ ಛಳಕ್ ಅಂದಿತು. ಬೆರಳಿಟ್ಟು ಒತ್ತಿದರೆ ಒಂದು ಗೇಣುದ್ದಕ್ಕೂ ನೋವು. ಮೂರು ವಾರ ಓಟ ನಿಂತಿತು.

ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರೆ. ಹೊಸ ಓಟಗಾರರಲ್ಲಿ ತುಂಬಾ ಸಾಮಾನ್ಯ. ಆಗ ನನಗೆ ಅರ್ಥವಾಗದೇ ಇದ್ದದ್ದು ಒಂದೇ: ಉಸಿರು ಇಷ್ಟು ಚೆನ್ನಾಗಿರುವಾಗ ಕಾಲು ಯಾಕೆ ಕೈಕೊಟ್ಟಿತು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಹಾಫ್ ಮ್ಯಾರಥಾನ್ ತಯಾರಿಯ ಮುಕ್ಕಾಲು ಭಾಗ ತಾನಾಗೇ ಬಿಡಿಸಿಕೊಳ್ಳುತ್ತದೆ ಎಂದು ನನ್ನ ನಂಬಿಕೆ.

ಓಟ ಶುರು ಮಾಡಿದಾಗ ದೇಹದ ಎಲ್ಲಾ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಮೊದಲು ಹೊಂದಿಕೊಳ್ಳುವುದು ರಕ್ತ. ಒಂದೆರಡು ವಾರದಲ್ಲೇ ರಕ್ತದಲ್ಲಿನ ನೀರಿನಂಥ ಭಾಗ, ಅಂದರೆ ಪ್ಲಾಸ್ಮಾ, ಜಾಸ್ತಿಯಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಸ್ನಾಯುಗಳ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ. ದಮ್ಮು ಬಂತು ಅನ್ನುತ್ತೇವಲ್ಲ, ಅದು ಇದೇ.

ಮೂಳೆ ಮತ್ತು ಟೆಂಡನ್‌ಗಳ ಕತೆ ಬೇರೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ. ಹಿಮ್ಮಡಿಯ ಮೇಲೆ ಕೈಗೆ ಸಿಗುವ ದಪ್ಪ ಹುರಿ ಅದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಗಟ್ಟಿಯಾಗುವುದೂ ನಿಧಾನ, ವಾಸಿಯಾಗುವುದೂ ನಿಧಾನ. ಮೂಳೆ ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ನೇರವಾಗಿ ದಪ್ಪವಾಗುವುದಿಲ್ಲ. ಮೊದಲು ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೇ ಗೋಡೆ ಕೆಡವಿ ಹೊಸ ಗೋಡೆ ಎಬ್ಬಿಸಿದ ಹಾಗೆ. ಕೆಡವಿದ ಮೇಲೆ ಕಟ್ಟಿ ಮುಗಿಯುವವರೆಗೆ ಆ ಜಾಗ ಮೊದಲಿಗಿಂತ ಸ್ವಲ್ಪ ದುರ್ಬಲವಾಗೇ ಇರುತ್ತದೆ. ಇದೆಲ್ಲ ಮುಗಿಯಲು ಮೂರು ನಾಲ್ಕು ತಿಂಗಳಾದರೂ ಬೇಕು.

ಈಗ ಆರನೇ ವಾರವನ್ನು ನೋಡಿ. ಉಸಿರು ಪಳಗಿದೆ, ಮೂಳೆಯಲ್ಲಿ ಇನ್ನೂ ಕೆಲಸ ನಡೆಯುತ್ತಿದೆ. ಉಸಿರನ್ನು ನಂಬಿ ಓಡಿದರೆ ಏಟು ತಿನ್ನುವುದು ಕಾಲು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲ ಒಂದೇ ಕಾಲಿನ ಮೇಲೆ ಬೀಳುತ್ತದೆ. 60 ಕೆಜಿ ತೂಕದವರಿಗೆ ಅದು 120ರಿಂದ 180 ಕೆಜಿ. ಹೊಸಬರ ಹೆಜ್ಜೆ ಸಾಮಾನ್ಯವಾಗಿ ಒಂದು ಮೀಟರ್ ದಾಟುವುದಿಲ್ಲ. ಅಂದರೆ ಹಾಫ್ ಮ್ಯಾರಥಾನಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ. ಒಂದೊಂದು ಕಾಲಿಗೆ ಹತ್ತು ಸಾವಿರಕ್ಕೂ ಹೆಚ್ಚು ಏಟು. ಅಷ್ಟಕ್ಕೂ ಕಾಲು ಸಿದ್ಧವಾಗಬೇಕು. ತಯಾರಿ ವೇಳಾಪಟ್ಟಿಯಲ್ಲಿ ಇರುವ ವಿಶ್ರಾಂತಿ ದಿನ, ನಿಧಾನ ಓಟ, ಹಂತ ಹಂತದ ಏರಿಕೆ ಎಲ್ಲವೂ ಇರುವುದು ಉಸಿರು ಮುಂದೆ ಓಡಿಹೋಗದಂತೆ ಹಿಡಿದು, ಕಾಲು ಬಂದು ಸೇರುವವರೆಗೆ ಕಾಯಲಿಕ್ಕೆ.

ದೂರದ ಬಗ್ಗೆ ಒಂದು ಮಾತು. ಹಾಫ್ ಮ್ಯಾರಥಾನ್ ಸರಿಯಾಗಿ 21.0975 ಕಿಲೋಮೀಟರ್. ಈ ಬೆಸ ಲೆಕ್ಕಕ್ಕೆ ಕಾರಣ 1908ರ ಲಂಡನ್ ಒಲಿಂಪಿಕ್ಸ್. ಆ ಮ್ಯಾರಥಾನ್ ವಿಂಡ್ಸರ್ ಕೋಟೆಯ ಬಳಿ ಶುರುವಾಗಿ ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಿತು. ಅಳೆದರೆ 42.195 ಕಿಲೋಮೀಟರ್. 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅದನ್ನೇ ಅಧಿಕೃತ ದೂರ ಅಂತ ಮಾಡಿತು. ಅದರ ಅರ್ಧ ನಮ್ಮ ಪಾಲಿಗೆ ಬಂದಿದೆ.

ಯಾವಾಗ ಶುರು ಮಾಡಬಹುದು? ವಾರಕ್ಕೆ ಮೂರು ದಿನ, ಪ್ರತಿ ಸಲ ಅರ್ಧ ಗಂಟೆ ನಿಲ್ಲದೆ ನಿಧಾನವಾಗಿ ಓಡಬಲ್ಲಿರಾದರೆ ಅಲ್ಲಿಂದ 12ರಿಂದ 16 ವಾರ ಸಾಕು. ಸೊನ್ನೆಯಿಂದ ಶುರು ಮಾಡುವವರು ಐದಾರು ತಿಂಗಳು ಇಟ್ಟುಕೊಳ್ಳಿ. ಎದೆನೋವು, ತಲೆಸುತ್ತು ಬಂದದ್ದಿದ್ದರೆ, ಬಿಪಿ, ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ, ಶೂ ಕೊಳ್ಳುವ ಮೊದಲು ಡಾಕ್ಟರನ್ನು ನೋಡಿ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ.

ವಾರದ ಲೆಕ್ಕ ಸರಳ. ಮೂರು ಅಥವಾ ನಾಲ್ಕು ದಿನ ಓಟ. ಅದರಲ್ಲಿ ಒಂದು ದಿನ ಉದ್ದದ ಓಟ. ಓಟಗಾರರು ಅದನ್ನು ಲಾಂಗ್ ರನ್ ಅಂತಲೇ ಕರೆಯುತ್ತಾರೆ. ಉಳಿದವು ಅರ್ಧ ಗಂಟೆಯಿಂದ ಒಂದು ಗಂಟೆಯ ಹಗುರ ಓಟಗಳು. ಲಾಂಗ್ ರನ್ ಆರೇಳು ಕಿಲೋಮೀಟರಿನಿಂದ ಶುರುವಾಗಿ ವಾರಕ್ಕೆ ಒಂದೆರಡು ಕಿಲೋಮೀಟರ್ ಏರುತ್ತದೆ. ಎರಡು ಮೂರು ವಾರ ಏರಿದ ಮೇಲೆ ಒಂದು ವಾರ ಇಳಿಸಬೇಕು. ಹನ್ನೆರಡು ಓಡಿದ ಮುಂದಿನ ವಾರ ಎಂಟಕ್ಕೆ ಇಳಿಯುವುದು ಸೋಮಾರಿತನ ಅನಿಸಬಹುದು. ಆದರೆ ಮೂಳೆ ಗೋಡೆ ಎಬ್ಬಿಸುವುದು ಆ ಬಿಡುವಿನಲ್ಲೇ. ತಪ್ಪಿಸಬೇಡಿ.

ಹಾಗಾದರೆ ರೇಸಿಗೆ ಮೊದಲು 21 ಕಿಲೋಮೀಟರ್ ಒಮ್ಮೆ ಓಡಿ ನೋಡಬೇಕಲ್ವಾ? ಬೇಡ. 16ರಿಂದ 18 ಕಿಲೋಮೀಟರ್ ಸಾಕು. ಪೂರ್ತಿ ದೂರ ಓಡಿದರೆ ಸುಧಾರಿಸಿಕೊಳ್ಳಲು ಒಂದು ವಾರಕ್ಕೂ ಜಾಸ್ತಿ ಬೇಕು, ಅಷ್ಟೂ ದಿನದ ಅಭ್ಯಾಸ ಹಾಳು. ಉಳಿದ ಮೂರರಿಂದ ಐದು ಕಿಲೋಮೀಟರನ್ನು ವಿಶ್ರಾಂತಿ ಪಡೆದ ಕಾಲುಗಳು ರೇಸಿನ ದಿನ ದಾಟಿಸುತ್ತವೆ.

ಇನ್ನು ವೇಗ. ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ಓಡುವ ವೇಗ ಸಾಮಾನ್ಯವಾಗಿ ಅತ್ತ ಹಗುರವೂ ಅಲ್ಲ, ಇತ್ತ ಜೋರೂ ಅಲ್ಲ. ಸ್ವಲ್ಪ ಏದುಸಿರು, ಬೆವರು, ಮುಗಿಸಿದಾಗ ಚೆನ್ನಾಗಿ ಓಡಿದೆ ಅನ್ನುವ ಸಮಾಧಾನ. ಆದರೆ ಪ್ರತಿದಿನ ಹೀಗೆ ಓಡಿದರೆ ಕಾಲಿಗೆ ಸುಸ್ತು ಸೇರುತ್ತಾ ಹೋಗುತ್ತದೆ, ವಾರದ ಕಿಲೋಮೀಟರ್ ಏರುವುದಿಲ್ಲ. ನಾರ್ವೆಯಲ್ಲಿ ಕೆಲಸ ಮಾಡುವ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಜಗತ್ತಿನ ಒಳ್ಳೊಳ್ಳೆ ಕ್ರೀಡಾಪಟುಗಳ ಅಭ್ಯಾಸವನ್ನು ಅಧ್ಯಯನ ಮಾಡಿದರು. ಓಟ, ಸೈಕಲ್, ದೋಣಿ, ಸ್ಕೀಯಿಂಗ್, ಯಾವ ಆಟವಾದರೂ ಅವರ ಅಭ್ಯಾಸದಲ್ಲಿ ನೂರಕ್ಕೆ ಸುಮಾರು 80 ಭಾಗ ಹಗುರವಾಗಿತ್ತು. ಅಷ್ಟು ವೇಗದವರೇ ಅಷ್ಟು ನಿಧಾನವಾಗಿ ಅಭ್ಯಾಸ ಮಾಡುತ್ತಾರೆ. ಮೊದಲ ಹಾಫ್ ಮ್ಯಾರಥಾನಿಗೆ ತಯಾರಾಗುವವರು ಪೂರ್ತಿ ಹಗುರವಾಗೇ ಓಡಿದರೂ ನಷ್ಟವಿಲ್ಲ. ಕೊನೆಯ ಆರು ವಾರಗಳಲ್ಲಿ ವಾರಕ್ಕೊಂದು ದಿನ ಸ್ವಲ್ಪ ಜೋರು ಸೇರಿಸಬಹುದು, ಅದೂ ಕಾಲಲ್ಲಿ ಎಲ್ಲೂ ನೋವಿಲ್ಲದಿದ್ದರೆ ಮಾತ್ರ.

ಹಗುರ ಅಂದರೆ ಎಷ್ಟು? ಓಡುತ್ತಲೇ ಬಾಯಿಬಿಟ್ಟು ಮಾತಾಡಿ ನೋಡಿ. ಎರಡು ಮೂರು ಪೂರ್ತಿ ವಾಕ್ಯಗಳನ್ನು ನಡುವೆ ಉಸಿರು ಕಟ್ಟದೆ ಹೇಳಲು ಬರಬೇಕು. ಹಾಡಲು ಬರದಿದ್ದರೆ ಪರವಾಗಿಲ್ಲ. ನಾಲ್ಕನೇ ಪದಕ್ಕೇ ಉಸಿರು ಎಳೆದುಕೊಳ್ಳಬೇಕಾಯಿತೋ, ವೇಗ ಇಳಿಸಿ. ಐದು ಕಿಲೋಮೀಟರನ್ನು ಪೂರ್ತಿ ಜೋರು ಹಾಕಿ 35 ನಿಮಿಷದಲ್ಲಿ ಮುಗಿಸುವವರು ಕಿಲೋಮೀಟರಿಗೆ 7 ನಿಮಿಷದಂತೆ ಓಡುತ್ತಾರೆ. ಅವರ ಹಗುರ ಓಟ 8 ನಿಮಿಷದಿಂದ 8 ನಿಮಿಷ 30 ಸೆಕೆಂಡಿನ ಆಸುಪಾಸು ಇರಬೇಕು. ಮೊದಮೊದಲು ಇದು ಮುಜುಗರ ತರುವಷ್ಟು ನಿಧಾನ ಅನಿಸುತ್ತದೆ. ಬೇರೆಯವರು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ.

ನಡುನಡುವೆ ನಡೆಯುವುದೂ ತಪ್ಪಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಓಡಿದ್ದ ಜೆಫ್ ಗ್ಯಾಲೊವೆ ಇದನ್ನೇ ಒಂದು ಪದ್ಧತಿ ಮಾಡಿ ಸಾವಿರಾರು ಹೊಸಬರಿಗೆ ಕಲಿಸಿದರು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ಲೆಕ್ಕ ಇಟ್ಟು ನಡೆಯುವುದು. ಉದಾಹರಣೆಗೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೊದಲ ಕಿಲೋಮೀಟರಿನಿಂದಲೇ. ಕಾಲಿಗೆ ಬೀಳುವ ಏಟಿನ ಸರಣಿ ಮಧ್ಯೆ ಮಧ್ಯೆ ಮುರಿಯುತ್ತದೆ. ಮೂಳೆ, ಕೀಲಿನ ಚಿಂತೆ ಇರುವವರಿಗೆ, ನಲವತ್ತು ದಾಟಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುವುದು.

ಕಾಲನ್ನು ಗಟ್ಟಿ ಮಾಡಲು ಓಟವೊಂದೇ ಸಾಲದು. ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಬೇರೆ ವ್ಯಾಯಾಮ ಬೇಕು. ಬಸ್ಕಿ, ಒಂಟಿ ಕಾಲಿನ ಮೇಲೆ ನಿಲ್ಲುವುದು, ಸೊಂಟದ ಸುತ್ತಲಿನ ಸ್ನಾಯುಗಳ ವ್ಯಾಯಾಮ ಎಲ್ಲವೂ ಒಳ್ಳೆಯದೇ. ಒಂದನ್ನು ಮಾತ್ರ ಆರಿಸಿಕೊಳ್ಳಿ ಅಂದರೆ ನಾನು ಮೀನಖಂಡದ ವ್ಯಾಯಾಮ ಆರಿಸುತ್ತೇನೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಇಟ್ಟು ನಿಲ್ಲಿ. ಗೋಡೆಗೆ ಎರಡು ಬೆರಳು ಆನಿಸಿ. ಎರಡೂ ಹಿಮ್ಮಡಿ ಎತ್ತಿ ತುದಿಗಾಲಿಗೆ ಬನ್ನಿ. ಈಗ ಒಂದು ಕಾಲು ಬಿಡಿಸಿ, ಇನ್ನೊಂದರ ಮೇಲೆ ಮೂರು ನಾಲ್ಕು ಎಣಿಸುತ್ತಾ ನಿಧಾನಕ್ಕೆ ಕೆಳಗಿಳಿಯಿರಿ, ಹಿಮ್ಮಡಿ ಮೆಟ್ಟಿಲಿಗಿಂತ ಸ್ವಲ್ಪ ಕೆಳಗೆ ಹೋಗುವವರೆಗೆ. ಹತ್ತನೇ ಸಲಕ್ಕೆ ಮೀನಖಂಡ ನಡುಗಲು ಶುರುವಾಗುತ್ತದೆ. ಓಡುವಾಗ ನಿಮ್ಮ ಭಾರ ಹೊರುವುದು ಇದೇ ಸ್ನಾಯು, ಇದೇ ಹುರಿ. ನನ್ನ ಎಡಗಾಲು ಸರಿಯಾದ ಮೇಲೆ ಈ ವ್ಯಾಯಾಮವನ್ನು ನಾನು ಒಂದು ವಾರವೂ ಬಿಟ್ಟಿಲ್ಲ.

ನೋವು ಬಂದಾಗ ಓಡಬೇಕೋ ನಿಲ್ಲಿಸಬೇಕೋ? ಎರಡೂ ಕಾಲಲ್ಲಿ ಸಮನಾಗಿ ಇರುವ, ಓಡುತ್ತಾ ಬಿಸಿಯಾದ ಹಾಗೆ ಬಿಟ್ಟುಹೋಗುವ ಬಿಗಿತಕ್ಕೆ ಹೆದರಬೇಕಾಗಿಲ್ಲ. ಒಂದೇ ಕಡೆ ಇದ್ದು, ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿದ್ದು, ಓಡಿದಷ್ಟೂ ಜಾಸ್ತಿಯಾಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ನೋವಿಗೆ ಕುಂಟುವಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ನೋಡಲೇಬೇಕು. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ.

ಶೂ ವಿಷಯದಲ್ಲಿ ಜನ ತಲೆ ಕೆಡಿಸಿಕೊಳ್ಳುವಷ್ಟು ಇಲ್ಲ. ಹಾಕಿದ ಕೂಡಲೇ ಹಿತವಾಗಿರಬೇಕು, ಬೆರಳ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ಒಂದು ಜೊತೆ ಸುಮಾರು 500ರಿಂದ 800 ಕಿಲೋಮೀಟರ್ ಬಾಳುತ್ತದೆ. ರೇಸಿನ ದಿನ ಹೊಸ ಶೂ, ಹೊಸ ಸಾಕ್ಸ್ ಎರಡೂ ಬೇಡ.

ಊಟ, ನೀರಿನ ವಿಷಯಕ್ಕೆ ಬರೋಣ. ಓಡಲು ದೇಹ ಎರಡು ಇಂಧನ ಬಳಸುತ್ತದೆ. ಒಂದು ಕೊಬ್ಬು, ಇನ್ನೊಂದು ಗ್ಲೈಕೋಜನ್, ಅಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ. ಕೊಬ್ಬು ಬೇಕಾದಷ್ಟಿದೆ, ಆದರೆ ಉರಿಯುವುದು ನಿಧಾನ. ಗ್ಲೈಕೋಜನ್ ಬೇಗ ಉರಿಯುತ್ತದೆ, ಆದರೆ ಇರುವುದು ಸುಮಾರು 2,000 ಕ್ಯಾಲೊರಿಯಷ್ಟು. ಓಟಕ್ಕೆ ಕೆಜಿಗೆ, ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಕ್ಯಾಲೊರಿ ಖರ್ಚು. 60 ಕೆಜಿ ಇರುವವರಿಗೆ 21 ಕಿಲೋಮೀಟರಿಗೆ 1,260 ಕ್ಯಾಲೊರಿ. ಅಂದರೆ ಹೊಟ್ಟೆ ತುಂಬಾ ಉಂಡು ವಿಶ್ರಾಂತಿ ಪಡೆದು ಬಂದವರ ಸಂಗ್ರಹ ಹಾಫ್ ಮ್ಯಾರಥಾನಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಪೂರ್ತಿ ಮ್ಯಾರಥಾನಿನಲ್ಲಿ 30 ಕಿಲೋಮೀಟರ್ ದಾಟಿದ ಮೇಲೆ ಗೋಡೆಗೆ ಗುದ್ದಿದಂತೆ ನಿಂತುಬಿಡುತ್ತಾರಲ್ಲ, ಆ ಕಷ್ಟ ಇಲ್ಲಿ ಅಪರೂಪ.

ಆದರೂ ಎರಡೂವರೆ, ಮೂರು ಗಂಟೆ ಓಡುವವರು ದಾರಿಯಲ್ಲಿ ಏನಾದರೂ ತಿನ್ನುವುದು ಒಳ್ಳೆಯದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಅನ್ನುವುದು ಕ್ರೀಡಾ ಪೋಷಣೆಯಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಒಂದು ಎನರ್ಜಿ ಜೆಲ್‌ನಲ್ಲಿ, ಅಂದರೆ ಸಣ್ಣ ಪೊಟ್ಟಣದಲ್ಲಿ ಬರುವ ಸಿಹಿ ಪಾಕದಲ್ಲಿ, ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಮೊದಲನೆಯದು 40 ನಿಮಿಷದ ಹೊತ್ತಿಗೆ, ಹಸಿವಾಗುವ ಮೊದಲೇ. ಜೆಲ್ ಆಗಲಿ ಹಣ್ಣಾಗಲಿ, ಲಾಂಗ್ ರನ್‌ಗಳಲ್ಲಿ ತಿಂದು ನೋಡಿರಬೇಕು. ಓಡುವಾಗ ರಕ್ತವೆಲ್ಲ ಕಾಲಿಗೆ ಹರಿಯುತ್ತಿರುತ್ತದೆ, ಹೊಟ್ಟೆಗೆ ಸಿಗುವುದು ಕಡಿಮೆ. ಅಂಥ ಹೊತ್ತಲ್ಲಿ ಅಭ್ಯಾಸವಿಲ್ಲದ್ದು ಹೊಟ್ಟೆಗೆ ಹೋದರೆ ತೊಳಸುತ್ತದೆ. ಹೊಟ್ಟೆಯೂ ಪಳಗಬೇಕು.

ನೀರು ಎಷ್ಟು ಕುಡಿದರೂ ಒಳ್ಳೆಯದು ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನ ಅಂಶ, ಇರಬೇಕಾದದ್ದಕ್ಕಿಂತ ಕಡಿಮೆಯಾಗಿತ್ತು. ಕೆಲವರಲ್ಲಿ ಅಪಾಯದ ಮಟ್ಟಕ್ಕೇ ಇಳಿದಿತ್ತು. ಕಾರಣ ನೀರು ಕಡಿಮೆ ಕುಡಿದದ್ದಲ್ಲ, ಜಾಸ್ತಿ ಕುಡಿದದ್ದು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ, ನಿಧಾನವಾಗಿ ಓಡಿದವರಲ್ಲಿ ಇದು ಹೆಚ್ಚು ಕಂಡಿತು. ಹೊಸಬರು ನಿಧಾನವಾಗೇ ಓಡುತ್ತಾರೆ, ಪ್ರತಿ ನೀರಿನ ಮೇಜಿನ ಬಳಿಯೂ ನಿಲ್ಲುತ್ತಾರೆ. ಹಾಗಾಗಿ ಬಾಯಾರಿದಾಗ ಕುಡಿಯಿರಿ, ಬಾಯಾರಿದಷ್ಟು ಕುಡಿಯಿರಿ. ಒಂದು ಲಾಂಗ್ ರನ್ನಿನ ಮೊದಲು ಮತ್ತು ಆಮೇಲೆ ತೂಕ ನೋಡಿ. ಸ್ವಲ್ಪ ಇಳಿದಿರುವುದು ಸಹಜ. ಏರಿದ್ದರೆ ಕುಡಿದದ್ದು ಜಾಸ್ತಿಯಾಯಿತು ಅಂತ ಅರ್ಥ. ಬಿಸಿಲಿದ್ದರೆ ನೀರಿಗಿಂತ ವೇಗದ ಕಡೆ ಗಮನ ಕೊಡಿ. ಓಡುವಾಗ ಖರ್ಚಾಗುವ ಶಕ್ತಿಯಲ್ಲಿ ಮುಕ್ಕಾಲು ಭಾಗ ಬರೀ ಶಾಖವಾಗುತ್ತದೆ. ಅದನ್ನು ಕಡಿಮೆ ಮಾಡಲು ಇರುವ ನಿಜವಾದ ದಾರಿ ನಿಧಾನವಾಗುವುದು.

ಕೊನೆಯ ಎರಡು ವಾರ ಓಟ ಇಳಿಸುವ ಕಾಲ. ಟೇಪರ್ ಅನ್ನುತ್ತಾರೆ. ಮೊದಲ ವಾರ ಮೂರನೇ ಒಂದು ಭಾಗ ಕಡಿಮೆ, ಎರಡನೇ ವಾರ ಅರ್ಧಕ್ಕೂ ಕಡಿಮೆ. ಕೊನೆಯ ಹತ್ತು ದಿನದಲ್ಲಿ ಎಷ್ಟು ಓಡಿದರೂ ರೇಸಿನ ಹೊತ್ತಿಗೆ ಅದರ ಫಲ ಸಿಗುವುದಿಲ್ಲ, ಸುಸ್ತು ಮಾತ್ರ ಸಿಗುತ್ತದೆ. ಆ ದಿನಗಳಲ್ಲಿ ಕೂತಲ್ಲಿ ಕೂರಲಾಗದು. ಇಲ್ಲದ ನೋವುಗಳು ಕಾಣಿಸುತ್ತವೆ. ಎಲ್ಲರಿಗೂ ಹಾಗೇ. ಹಿಂದಿನ ರಾತ್ರಿ ನಿದ್ದೆ ಬರುವುದು ಕಷ್ಟ, ಆದ್ದರಿಂದ ಆ ವಾರದ ಉಳಿದ ರಾತ್ರಿಗಳಲ್ಲಿ ಚೆನ್ನಾಗಿ ಮಲಗಿಬಿಡಿ.

ರೇಸಿನ ಬೆಳಿಗ್ಗೆ ಮತ್ತೆ ಆರನೇ ವಾರದ್ದೇ ಕತೆ, ಈ ಸಲ ಕೆಲವೇ ಗಂಟೆಗಳಲ್ಲಿ. ವಿಶ್ರಾಂತಿ ಪಡೆದ ದೇಹ, ಸುತ್ತ ಸಾವಿರಾರು ಜನ, ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ವಾಚ್ ನೋಡಿದರೆ ಕಿಲೋಮೀಟರಿಗೆ ಅರ್ಧ ನಿಮಿಷ ಜೋರಾಗಿ ಓಡುತ್ತಿರುತ್ತೀರಿ, ಕಷ್ಟವೇ ಗೊತ್ತಾಗುವುದಿಲ್ಲ. ಹೀಗೆ ಮೊದಲ ಐದು ಕಿಲೋಮೀಟರಿನಲ್ಲಿ ಉಳಿಸುವುದು ಎರಡೂವರೆ ನಿಮಿಷ. ಕೊನೆಯ ಐದರಲ್ಲಿ ಕಾಲು ಸೋತು ಕಿಲೋಮೀಟರಿಗೆ ಎರಡು ನಿಮಿಷ ಜಾಸ್ತಿ ಹಿಡಿದರೆ ಕಳೆಯುವುದು ಹತ್ತು. ಆದ್ದರಿಂದ ಮೊದಲ ಎರಡು ಮೂರು ಕಿಲೋಮೀಟರ್ ನಿಮ್ಮ ಲೆಕ್ಕಕ್ಕಿಂತ ಹತ್ತು ಹದಿನೈದು ಸೆಕೆಂಡ್ ನಿಧಾನವಾಗೇ ಹೋಗಿ. ಮೂರು ಗಂಟೆಯಲ್ಲಿ ಮುಗಿಸಬೇಕಾದರೆ ಕಿಲೋಮೀಟರಿಗೆ 8 ನಿಮಿಷ 32 ಸೆಕೆಂಡ್, ಎರಡೂವರೆ ಗಂಟೆಗೆ 7 ನಿಮಿಷ 6 ಸೆಕೆಂಡ್. ಲಾಂಗ್ ರನ್‌ಗಳಲ್ಲಿ ಓಡಿದ ವೇಗ ಇದರ ಹತ್ತಿರವೂ ಇಲ್ಲದಿದ್ದರೆ ಗುರಿ ಬದಲಿಸಿ. ಮೊದಲ ಸಲಕ್ಕೆ ಮುಗಿಸುವುದೇ ಗುರಿ ಆಗಿರಲಿ ಎಂದು ನಾನು ಹೇಳುತ್ತೇನೆ.

ವಾಚಿನ ಬಗ್ಗೆ ಇನ್ನೊಂದು ವಿಷಯ. ಅಧಿಕೃತ ರೇಸ್ ದಾರಿಯನ್ನು ಸೈಕಲ್ ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ದೂರ ಕಡಿಮೆಯಾಗಿಬಿಡಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಆದರೆ ನಾವು ಜನರ ನಡುವೆ ಅತ್ತಿತ್ತ ಸರಿಯುತ್ತಾ, ತಿರುವುಗಳಲ್ಲಿ ಅಗಲವಾಗಿ ಸುತ್ತುತ್ತಾ ಓಡುತ್ತೇವೆ. ಹಾಗಾಗಿ ವಾಚ್ 21.1 ತೋರಿಸಿದಾಗ ಮುಕ್ತಾಯದ ಗೆರೆ ಇನ್ನೂ ಇನ್ನೂರು ಮುನ್ನೂರು ಮೀಟರ್ ಆಚೆ ಇರಬಹುದು. ಗೊತ್ತಿಲ್ಲದಿದ್ದರೆ ಆ ಮುನ್ನೂರು ಮೀಟರ್ ತುಂಬಾ ಉದ್ದ.

ಓಡುತ್ತಾ ನೀರಿನ ಕಾಗದದ ಲೋಟ ಹಿಡಿದ ಕೂಡಲೇ ಅದರ ಬಾಯಿಯನ್ನು ಎರಡು ಬೆರಳಿನಿಂದ ಅಮುಕಿ ಕೊಕ್ಕಿನ ಹಾಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ನೀರು ಮೂಗಿಗೆ ಹೋಗುತ್ತದೆ. ಅಥವಾ ನಿಂತು ಕುಡಿಯಿರಿ.

ಹದಿನೆಂಟನೇ ಕಿಲೋಮೀಟರ್ ದಾಟಿದ ಮೇಲೆ ಅದುವರೆಗೆ ಕಾಲಿಡದ ಜಾಗ. ವೇಗ ಅದೇ ಇದ್ದರೂ ಹೃದಯದ ಬಡಿತ ಏರುತ್ತಾ ಹೋಗುತ್ತದೆ. ಬೆವರಿ ರಕ್ತದ ಪ್ರಮಾಣ ತಗ್ಗಿರುತ್ತದೆ, ಅದರಲ್ಲೂ ಒಂದು ಪಾಲು ಮೈ ತಣಿಸಲು ಚರ್ಮಕ್ಕೆ ಹೋಗುತ್ತದೆ, ಅದಕ್ಕೇ ಹೃದಯ ಹೆಚ್ಚು ಸಲ ಬಡಿಯಬೇಕು. ಗಾಬರಿ ಬೇಡ. ಹೆಜ್ಜೆ ಚಿಕ್ಕದು ಮಾಡಿ, ಭುಜ ಸಡಿಲ ಬಿಡಿ, ಮುಂದಿನ ಕಿಲೋಮೀಟರ್ ಕಲ್ಲಿನವರೆಗೆ ಮಾತ್ರ ಯೋಚಿಸಿ. ಎದೆನೋವು, ತಲೆಸುತ್ತು, ಮೈ ನಡುಕ, ಬೆವರು ನಿಲ್ಲುವುದು ಇವು ಬೇರೆ. ಅಲ್ಲಿ ಓಟ ನಿಲ್ಲಿಸಿ ಸಹಾಯ ಕೇಳಬೇಕು.

ನನ್ನ ಮೊದಲ ಹಾಫ್ ಮ್ಯಾರಥಾನ್ ಮುಗಿಸಿದ ಮೇಲೆ ಪಾದಚಾರಿ ಹಾದಿಯ ಅಂಚಿನಲ್ಲಿ ಕೂತು ಎಡಗಾಲಿನ ಸಾಕ್ಸ್ ಇಳಿಸಿದೆ. ಆ ಮೂಳೆಯ ಒಳ ಅಂಚನ್ನು ಮೇಲಿಂದ ಕೆಳಗೆ ಒತ್ತಿ ನೋಡಿದೆ. ಉಪ್ಪು ಕೈಗೆ ಹತ್ತಿತು. ನೋವಿರಲಿಲ್ಲ.

ಹಾಗೆ ಕೂತದ್ದು ಮಾತ್ರ ತಪ್ಪು. ಮುಗಿಸಿದ ಕೂಡಲೇ ಕೂರಬಾರದು, ಹತ್ತು ನಿಮಿಷ ನಡೆಯಬೇಕು. ಇಲ್ಲದಿದ್ದರೆ ರಕ್ತ ಕಾಲಲ್ಲೇ ನಿಂತು ತಲೆ ತಿರುಗಬಹುದು. ಒಂದು ಗಂಟೆಯೊಳಗೆ ಊಟ ಮಾಡಿ. ಮಾರನೇ ದಿನ ಮತ್ತು ಅದರ ಮಾರನೇ ದಿನ ತೊಡೆ ನೋವು ಏರುತ್ತದೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಗುತ್ತದೆ. ನಾಲ್ಕನೇ ದಿನಕ್ಕೆ ಅದು ಹೋಗುತ್ತದೆ, ಉಸಿರು ಅದಕ್ಕೂ ಮೊದಲೇ ಸರಿಯಾಗಿರುತ್ತದೆ, ಓಡೋಣ ಅನಿಸುತ್ತದೆ. ಮೂಳೆ, ಟೆಂಡನ್‌ಗಳಿಗೆ ಇನ್ನೂ ಒಂದು ವಾರ ಕೊಡಿ. ಹತ್ತು ದಿನ ಕಳೆದ ಮೇಲೆ ಮೂರು ಕಿಲೋಮೀಟರ್, ಮಾತಾಡಿಕೊಂಡು ಓಡುವ ವೇಗದಲ್ಲಿ.